ಹಳೆಯ ಕಾರಿನ ಎಂಜಿನ್ ಜಿಡ್ಡನ್ನು ಸುರಕ್ಷಿತವಾಗಿ ತೆಗೆಯುವ ಬಗೆ

ಮಾಟುಂಗದಿಂದ ಡೊಂಬಿವಲಿಯವರೆಗೆ ಮುಂಬಯಿಯ ಕನ್ನಡಿಗರಲ್ಲಿ, ತಂದೆಯ ಕಾಲದ ಮಾರುತಿ 800 ಕಾರನ್ನೋ, ಕುರ್ಲಾದ ಕಾರ್ಖಾನೆಯಿಂದ ಬಂದ ಪ್ರೀಮಿಯರ್ ಪದ್ಮಿನಿಯನ್ನೋ ಮಾರಲು ಮನಸ್ಸು ಬಾರದೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಇಂತಹ ಕಾರಿನ ಬಾನೆಟ್ ಎತ್ತಿದರೆ ಎಣ್ಣೆಯೂ ಧೂಳೂ ಬೆರೆತು ಗಟ್ಟಿಯಾದ ಕಪ್ಪು ಜಿಡ್ಡು ಕಾಣಿಸುವುದು ಸಾಮಾನ್ಯ. ಅದನ್ನು ತೆಗೆಯುವುದು ಅಂದಕ್ಕಾಗಿ ಅಲ್ಲ. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದನ್ನು ಜಿಡ್ಡು ಮರೆಮಾಡುತ್ತದೆ. ಸೋರಿದ ಎಣ್ಣೆ ಕಾದ ಎಗ್ಸಾಸ್ಟ್ ಕೊಳವೆಯ ಮೇಲೆ ಬಿದ್ದರೆ ಮೊದಲು ಹೊಗೆ, ಬಳಿಕ ಬೆಂಕಿಯ ಅಪಾಯ. ಮೇ ತಿಂಗಳಲ್ಲಿ ಪನವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಊರಿಗೆ ಹೊರಡುವವರು ಅದಕ್ಕೆ ಮೊದಲೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಇದಕ್ಕೆ ಕೈಹಾಕಬಾರದು, ಏಕೆಂದರೆ ಒದ್ದೆಯಾದ ಭಾಗಗಳು ಆ ತೇವದಲ್ಲಿ ಒಣಗುವುದೇ ಇಲ್ಲ.

ತೊಳೆಯುವ ಮೊದಲು ನೋಡಬೇಕು. ಜಿಡ್ಡು ಎಲ್ಲಿ ದಪ್ಪವಾಗಿದೆ, ಎಲ್ಲಿ ಒಣಗಿದೆ, ಎಲ್ಲಿ ಹಸಿಯಾಗಿ ಹೊಳೆಯುತ್ತಿದೆ ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ; ಆದ್ದರಿಂದ ಹಸಿ ಜಾಗದ ಅತ್ಯಂತ ಮೇಲಿನ ತುದಿಯಲ್ಲಿಯೇ ಸೋರಿಕೆಯ ಮೂಲವನ್ನು ಹುಡುಕಬೇಕು. ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲಿನ ಮುಚ್ಚಳದ) ಪ್ಯಾಕಿಂಗ್, ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿಗೆ ಸೇರುವ ಜಾಗ, ಪೆಟ್ರೋಲ್ ಪಂಪಿನ ಬುಡ, ಆಯಿಲ್ ಪ್ರೆಶರ್ ಸ್ವಿಚ್, ಇವು ಸಾಮಾನ್ಯವಾಗಿ ಸೋರುವ ಸ್ಥಳಗಳು. ಇಲಿಗಳು ಒಳಗೆ ಗೂಡು ಕಟ್ಟಿವೆಯೇ, ವೈರಿನ ಹೊದಿಕೆಯನ್ನು ಕಡಿದಿವೆಯೇ ಎಂಬುದನ್ನೂ ಆಗಲೇ ಗಮನಿಸಬೇಕು. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಜ್ವರ ಹರಡುವುದು ಈ ನಗರದವರಿಗೆ ಹೊಸ ಸಂಗತಿಯಲ್ಲವಾದ್ದರಿಂದ ರಬ್ಬರ್ ಕೈಗವಸು ಹಾಕದೆ ಒಳಗೆ ಕೈಯಿಡಬೇಡಿ. ಕಣ್ಣಿಗೆ ಕನ್ನಡಕವೂ ಇರಲಿ.

ಸ್ಥಳದ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಕಟ್ಟಡದ ಕೆಳಗಿನ ಪಾರ್ಕಿಂಗ್ ನೆರಳಾಗಿ ಅನುಕೂಲವೆನಿಸಿದರೂ, ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಅಲ್ಲಿ ನೆಲಮಟ್ಟದಲ್ಲಿಯೇ ಸೇರಿಕೊಳ್ಳುತ್ತದೆ. ಮುಂದೆ ಎಂಜಿನ್ ಚಾಲೂ ಮಾಡಿದಾಗ ಹೊರಬರುವ ಕಾರ್ಬನ್ ಮೊನಾಕ್ಸೈಡಿಗೂ ಹೊರಹೋಗಲು ದಾರಿಯಿರುವುದಿಲ್ಲ. ಸೊಸೈಟಿಯವರ ಒಪ್ಪಿಗೆ ಪಡೆದು ತೆರೆದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ರಟ್ಟನ್ನೂ ಮರದ ಹೊಟ್ಟನ್ನೂ ಹರಡಿರಿ. ಸಮೀಪದಲ್ಲಿ ಪೌಡರ್ ಮಾದರಿಯ ಅಗ್ನಿಶಾಮಕ ಸಾಧನವಿರಲಿ, ಅದಿಲ್ಲದಿದ್ದರೆ ಒಣ ಮರಳಿನ ಬಕೆಟ್ ಆದರೂ ಇರಲಿ. ಬೀಡಿ, ಸಿಗರೇಟು ಸೇದುವವರನ್ನು ಹತ್ತಿರ ಬಿಡಬೇಡಿ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಸ್ವಲ್ಪ ಬೆಚ್ಚಗಿದ್ದರೆ ಜಿಡ್ಡು ಬೇಗ ಬಿಡುತ್ತದೆ ಎನ್ನುವುದು ನಿಜವೇ, ಆದರೆ ಹಳೆಯ ಕಾರ್ಬೊರೇಟರಿನಿಂದಲೋ ಸೀಳಿದ ರಬ್ಬರ್ ಪೈಪಿನಿಂದಲೋ ಪೆಟ್ರೋಲ್ ಜಿನುಗುತ್ತಿರುವ ಸಾಧ್ಯತೆ ಇರುವಲ್ಲಿ ಆ ಲಾಭಕ್ಕಾಗಿ ಅಪಾಯ ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ. ಪೆಟ್ರೋಲಿನ ವಾಸನೆ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಪೈಪ್ ಬದಲಾಯಿಸಿ.

ಮುಂದಿನದು ಬ್ಯಾಟರಿ. ಕಾರಿನ ಲೋಹದ ಮೈಗೆ ಬಿಗಿದಿರುವ ತಂತಿ ಯಾವ ಟರ್ಮಿನಲ್ಲಿಗೆ ಹೋಗುತ್ತದೆಯೋ ಅದನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ಪದ್ಮಿನಿಯಲ್ಲಿಯೂ ಮಾರುತಿಯಲ್ಲಿಯೂ ಅದು ನೆಗೆಟಿವ್. ಬಹಳ ಹಳೆಯ ಕೆಲವು ಬ್ರಿಟಿಷ್ ಕಾರುಗಳಲ್ಲಿ ಮಾತ್ರ ಪಾಸಿಟಿವ್. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಕಾರಿನ ಮೈಗೆ ತಗುಲಿದ ಕ್ಷಣದಲ್ಲಿ ಕಿಡಿ ಹಾರುತ್ತದೆ. ಟರ್ಮಿನಲ್ಲಿನ ಮೇಲೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕದಡಿದ ನೀರಿನಿಂದ ಉಜ್ಜಿ ಒರೆಸಿ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು.

ಡಿಸ್ಟ್ರಿಬ್ಯೂಟರ್, ಇಗ್ನಿಷನ್ ಕಾಯಿಲ್, ಆಲ್ಟರ್ನೇಟರ್ ಅಥವಾ ಡೈನಮೊ, ಫ್ಯೂಸ್ ಪೆಟ್ಟಿಗೆ, ಗಾಳಿ ಒಳಹೋಗುವ ಏರ್ ಫಿಲ್ಟರಿನ ಬಾಯಿ, ಇವುಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಎಷ್ಟು ಚೀಲ ಕಟ್ಟಿದಿರೆಂದು ಬರೆದಿಡಿ. ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ: ಆ ಎಣ್ಣೆ ನೀರನ್ನು ಹೀರಿಕೊಂಡರೆ ಬ್ರೇಕ್ ಕೆಡುತ್ತದೆ, ಹೊರಗೆ ಚೆಲ್ಲಿದರೆ ಬಣ್ಣ ಏಳುತ್ತದೆ.

ರಸ್ತೆಬದಿಯ ಗ್ಯಾರೇಜುಗಳಲ್ಲಿ ಎಂಜಿನ್ನಿಗೆ ಡೀಸೆಲ್ ಅಥವಾ ಸೀಮೆಎಣ್ಣೆ ಹೊಡೆಯುವ ರೂಢಿಯಿದೆ. ಜಿಡ್ಡು ಹೋಗುವುದೇನೋ ಹೋಗುತ್ತದೆ. ಆದರೆ ಎರಡೂ ಉರಿಯುವ ವಸ್ತುಗಳು, ರಬ್ಬರನ್ನು ಉಬ್ಬಿಸುತ್ತವೆ, ಉಳಿದ ಪಸೆಗೆ ವಾರದೊಳಗೆ ಹೊಸ ಧೂಳು ಅಂಟುತ್ತದೆ. ಇದಕ್ಕಿಂತ ನೀರಿನಲ್ಲಿ ಕರಗುವ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರವ) ಮೇಲು. ಕಾಸ್ಟಿಕ್ ಸೋಡಾ ಇರುವ ಕ್ಲೀನರನ್ನು ಮಾತ್ರ ಮುಟ್ಟಬೇಡಿ, ಅದು ಅಲ್ಯೂಮಿನಿಯಮ್ ಭಾಗಗಳನ್ನು ತಿನ್ನುತ್ತದೆ. ಈ ಎರಡೂ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದೇ.

ದ್ರವ ಹಚ್ಚುವ ಮೊದಲು ದಪ್ಪ ಜಿಡ್ಡನ್ನು ಮರದ ಅಥವಾ ಪ್ಲಾಸ್ಟಿಕ್ ಚಕ್ಕೆಯಿಂದ ಕೆರೆದು ತಗಡಿನ ಡಬ್ಬಿಗೆ ಹಾಕಬೇಕು. ಈ ಹಂತದಲ್ಲಿ ಎಷ್ಟು ತಾಳ್ಮೆ ತೋರುತ್ತೀರೋ ಮುಂದೆ ಅಷ್ಟು ಕಡಿಮೆ ನೀರು ಸಾಕಾಗುತ್ತದೆ, ಮತ್ತು ಹಳೆಯ ಎಂಜಿನ್ನಿಗೆ ನೀರು ಕಡಿಮೆ ತಗುಲಿದಷ್ಟೂ ಒಳ್ಳೆಯದು. ಬಳಿಕ ಒಂದು ಗೇಣಿನಷ್ಟು ಜಾಗಕ್ಕೆ ಮಾತ್ರ ಡಿಗ್ರೀಸರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಅದು ಒಣಗುವ ಮೊದಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಪಕ್ಕದ ಜಾಗಕ್ಕೆ ಹೋಗಬೇಕು. ಫ್ಯಾನ್ ಬೆಲ್ಟಿಗೆ ಅದು ತಾಗದಂತೆ ಎಚ್ಚರವಿರಲಿ. ಬಟ್ಟೆ ತಲುಪದ ಸಂದುಗಳಿಗೆ ಗಿಡಗಳಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯೇ ಸಾಕು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಚೀಲಗಳನ್ನು ದಾಟಿ ಡಿಸ್ಟ್ರಿಬ್ಯೂಟರಿಗೂ ಆಲ್ಟರ್ನೇಟರಿನ ಬೇರಿಂಗಿಗೂ ನುಗ್ಗುತ್ತದೆ. ಪ್ಲಗ್ ಕೂರುವ ಕುಳಿಯಲ್ಲಿ ನಿಂತ ನೀರು, ಪ್ಲಗ್ ಬಿಚ್ಚಿದಾಗ ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ.

ಕೆರೆದ ಜಿಡ್ಡನ್ನೂ ಕೊಳಕು ನೀರನ್ನೂ ಗಟಾರಕ್ಕೆ ಚೆಲ್ಲಬಾರದು. ಮುಂಬಯಿಯ ಮಳೆನೀರಿನ ಚರಂಡಿಗಳು ನಾಲೆ, ಖಾರಿಗಳ (ಸಮುದ್ರದ ಹಿನ್ನೀರಿನ) ಮೂಲಕ ಸಮುದ್ರಕ್ಕೇ ಸೇರುತ್ತವೆ. ಹೊಟ್ಟು ಹೀರಿಕೊಂಡದ್ದನ್ನೆಲ್ಲ ಡಬ್ಬಿಗೆ ತುಂಬಿ, ಹಳೆಯ ಎಣ್ಣೆಯನ್ನು ಮರುಬಳಕೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಿ.

ಒಣಬಟ್ಟೆಯಿಂದ ಒರೆಸಿದ ಮೇಲೆ ಬಾನೆಟ್ ತೆರೆದಿಟ್ಟು ಕೆಲವು ಗಂಟೆ ಬಿಸಿಲಿಗೆ ಬಿಡಿ. ಚೀಲಗಳನ್ನು ಎಣಿಸಿ ತೆಗೆದು, ಪೆಟ್ರೋಲಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಬ್ಯಾಟರಿ ಜೋಡಿಸಿ. ಚಾಲೂ ಮಾಡಿದಾಗ ಎಂಜಿನ್ ತಡೆತಡೆದು ಓಡಿ ಮಿಸ್ಸಿಂಗ್ ಹೊಡೆದರೆ ಬಹುಪಾಲು ತೇವವೇ ಕಾರಣ. ಎಂಜಿನ್ ಆರಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ಒರೆಸಿದರೆ ಸರಿಹೋಗುತ್ತದೆ. ಸಮುದ್ರದ ಉಪ್ಪುಗಾಳಿಯಲ್ಲಿ ಬರಿಯ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಬ್ರಾಕೆಟ್ಟು, ಬೋಲ್ಟುಗಳಿಗೆ ಎಣ್ಣೆ ಬಟ್ಟೆಯನ್ನು ತೆಳ್ಳಗೆ ಸವರಬೇಕು. ಹೊಳಪಿಗಾಗಿ ಲೋಹವನ್ನು ಬೆತ್ತಲಾಗಿಸುವುದು ಈ ಊರಿನಲ್ಲಿ ಬುದ್ಧಿವಂತಿಕೆಯಲ್ಲ.

ಈಗ ಸೋರಿಕೆಯ ಪತ್ತೆ. ಅನುಮಾನವಿರುವ ಜೋಡಣೆಗಳ ಸುತ್ತ ಟಾಲ್ಕಂ ಪೌಡರ್ ಉದುರಿಸಿ, ಒಂದು ಸುತ್ತು ಓಡಿಸಿ ಬಂದು, ಎಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಎಣ್ಣೆ ಹೊರಟ ಜಾಗದಲ್ಲಿ ಪೌಡರ್ ಕಪ್ಪಾಗಿರುತ್ತದೆ. ಅದು ಟ್ಯಾಪೆಟ್ ಕವರ್ ಆಗಿದ್ದರೆ ಬೋಲ್ಟನ್ನು ಬಲವಾಗಿ ಬಿಗಿಯುವ ಮನಸ್ಸಾಗುತ್ತದೆ, ಹಾಗೆ ಮಾಡಬೇಡಿ. ಪ್ಯಾಕಿಂಗ್ ಹಿಂಡಿಹೋಗಿ ಸೋರಿಕೆ ಹೆಚ್ಚುತ್ತದೆ, ಹೊಸದನ್ನೇ ಹಾಕಿಸಿ. ಮಾರುತಿ 800ರಲ್ಲಿ ಎಣ್ಣೆ ಟೈಮಿಂಗ್ ಬೆಲ್ಟಿನ ಕವರಿನ ಕೆಳಗಿನಿಂದ ಬರುತ್ತಿದ್ದರೆ ಕಾರನ್ನು ಮೆಕ್ಯಾನಿಕನಿಗೆ ಒಪ್ಪಿಸಿ, ಸೋರುವ ಆಯಿಲ್ ಸೀಲಿನ ಜೊತೆಗೆ ಎಣ್ಣೆಯಲ್ಲಿ ನೆನೆದ ಬೆಲ್ಟನ್ನೂ ಬದಲಾಯಿಸಿಕೊಳ್ಳಬೇಕು.