ಹೊಸ ಪ್ಲೇಸ್ಟೇಷನ್ ತರುವ ಮುಂಚೆ ಹಳೆಯದರ ಧೂಳು ಕೊಡವಿ

"ಮಾಮಾ, ಇದು ಭಾಳ ಹಳೀದಾಗೇತ್ರಿ. ನೀವರೆ ಅಪ್ಪಗ ಹೇಳ್ರಿ, ಪಿಎಸ್5 ಕೊಡಸ್ಲಿ." ವಿಜಯಪುರದ ಗಾಂಧಿ ಚೌಕದ ಹತ್ತಿರ ಇರುವ ಅಕ್ಕನ ಮನೆಗೆ ಹೋದಾಗಲೆಲ್ಲ ಅಳಿಯನದು ಇದೇ ರಾಗ. ಅಡುಗೆಮನೆಯಿಂದ ಅಕ್ಕನ ಉತ್ತರವೂ ಬದಲಾಗಿಲ್ಲ: "ಇದ್ದದ್ದ ಛಲೋ ನಡದೈತಿ, ಮತ್ತೊಂದ್ಯಾಕ?"

ಇಬ್ಬರದೂ ತಪ್ಪು. ಟಿವಿಗೆ ಜೋಡಿಸಿ ಆಟ ಆಡುವ ಅವನ ಯಂತ್ರ ಪ್ಲೇಸ್ಟೇಷನ್ 4, ಅಂದರೆ ಪಿಎಸ್4. ಅವನು ಕೇಳುತ್ತಿರುವ ಪಿಎಸ್5 ಅದರ ಮುಂದಿನ ತಲೆಮಾರು. ಆದರೆ ಪಿಎಸ್4 ಅಷ್ಟೇನೂ ಹಳೆಯದಾಗಿಲ್ಲ. ಹಾಗಂತ ಛಲೋ ನಡೆಯುತ್ತಲೂ ಇರಲಿಲ್ಲ.

ಪಿಎಸ್4 ಭಾರತಕ್ಕೆ ಬಂದಿದ್ದು 2014ರ ಜನವರಿಯಲ್ಲಿ, 39,990 ರೂಪಾಯಿಗೆ. ಆಗ ನಮ್ಮೂರು ಇನ್ನೂ ಬಿಜಾಪುರ. ವಿಜಯಪುರ ಆಗಿದ್ದು ಅದೇ ವರ್ಷ ನವೆಂಬರ್ 1ಕ್ಕೆ. 'ಊರಿನ ಹೆಸರೇ ಬದಲಾಯಿತು, ನನ್ನ ಡಬ್ಬಿ ಬದಲಾಗಿಲ್ಲ' ಎನ್ನುವುದು ಅಳಿಯನ ವಾದ. ಅವನದು 2016ರ ನಂತರದ ಸ್ಲಿಮ್ ಮಾಡೆಲ್. ಆದರೆ ವಾದ ಮಾಡುವಾಗ ಅದನ್ನು ಹೇಳುವುದಿಲ್ಲ.

ಹೊಸದು ಬೇಕೋ ಬೇಡವೋ ಅಂತ ಮನೆಯಲ್ಲಿ ಕುಸ್ತಿ ಹಿಡಿಯುವ ಬದಲು ಒಂದು ಭಾನುವಾರ ಕೂತು ಪರೀಕ್ಷೆ ಮಾಡಿಬಿಡಿ. ನಾವು ಮಾಡಿದ್ದು ಹೀಗೆ.

ಮೊದಲು ಎರಡು ಪಟ್ಟಿ ಬರೆಯಿರಿ

ಒಂದರಲ್ಲಿ, ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಆಡಿದ ಆಟಗಳು. ಇನ್ನೊಂದರಲ್ಲಿ, ಆಡಬೇಕು ಅಂತಿದ್ದರೂ ಈ ಯಂತ್ರದಲ್ಲಿ ಬರದೇ ಇರುವ ಆಟಗಳು. ಗೆಳೆಯರು ಹೊಗಳಿದ್ದು, ಯೂಟ್ಯೂಬ್‌ನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

ಅಳಿಯನ ಮೊದಲ ಪಟ್ಟಿಯಲ್ಲಿ ಫುಟ್‌ಬಾಲ್, ಕ್ರಿಕೆಟ್ ಮತ್ತು ಜಿಟಿಎ 5. ಇಎ ಕಂಪನಿಯ ಫುಟ್‌ಬಾಲ್ ಆಟ ಎಫ್‌ಸಿ 26ರ ತನಕ ಪಿಎಸ್4ಕ್ಕೂ ಬಂದಿದೆ. ಜಿಟಿಎ 5 ಅಂತೂ ಮೂರು ತಲೆಮಾರು ಕಂಡ ಅಜ್ಜ. 2013ರಲ್ಲಿ ಪಿಎಸ್3ಕ್ಕೆ, 2014ರಲ್ಲಿ ಪಿಎಸ್4ಕ್ಕೆ, 2022ರಲ್ಲಿ ಪಿಎಸ್5ಕ್ಕೆ ಬಂತು. ಒಂದೇ ಆಟವನ್ನು ಮೂರು ಸಲ ಮಾರಿದರು, ಜನ ಕೊಂಡರು.

ಎರಡನೆಯ ಪಟ್ಟಿಯಲ್ಲಿ ಎರಡೇ ಹೆಸರು. ಒಂದು, 2023ರಲ್ಲಿ ಬಂದ ಸ್ಪೈಡರ್‌ಮ್ಯಾನ್ 2. ಅದು ಪಿಎಸ್4ರಲ್ಲಿ ಬರುವುದೇ ಇಲ್ಲ. ಇನ್ನೊಂದು ಜಿಟಿಎ 6. ಅದನ್ನು ಪ್ರಕಟಿಸಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮಾತ್ರ. ಬಿಡುಗಡೆ ಎರಡು ಸಲ ಮುಂದಕ್ಕೆ ಹೋಗಿ, 2026ರ ನವೆಂಬರ್ 19 ಅಂತ ಹೇಳಿದ್ದಾರೆ. ಅದೊಂದಕ್ಕೇ ಯಂತ್ರ ಬೇಕು ಅನ್ನುವವರು ಆಟ ಬಂದ ಮೇಲೆ ಕೊಳ್ಳಿ. ಈಗಲೇ ತಂದಿಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಎರಡನೆಯ ಪಟ್ಟಿಯಲ್ಲಿ ಈಗಾಗಲೇ ಅಂಗಡಿಯಲ್ಲಿ ಸಿಗುವ ಆಟಗಳೇ ನಾಲ್ಕೈದು ಇದ್ದರೆ ಮಾತು ಬೇರೆ.

ಟೇಪ್ ಹಿಡಿದು ಟಿವಿ ಅಳೆಯಿರಿ

ಹೊಸ ಯಂತ್ರದ ಜಾಹೀರಾತಲ್ಲಿ ದೊಡ್ಡದಾಗಿ ಕಾಣುವ ಪದ 4ಕೆ. ಫುಲ್ ಎಚ್‌ಡಿಯಲ್ಲಿ ಅಡ್ಡ 1920, ಉದ್ದ 1080 ಚುಕ್ಕಿಗಳು. 4ಕೆಯಲ್ಲಿ ಅದರ ನಾಲ್ಕರಷ್ಟು. ಆದರೆ ಆ ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣುವಷ್ಟು ಹತ್ತಿರ ನೀವು ಕೂರುತ್ತೀರಾ? ಕಣ್ಣು ಚೆನ್ನಾಗಿರುವವರಿಗೂ 32 ಇಂಚಿನ ಟಿವಿಯಲ್ಲಿ ಸುಮಾರು ನಾಲ್ಕೂಕಾಲು ಅಡಿ, 43 ಇಂಚಿನದರಲ್ಲಿ ಐದೂವರೆ ಅಡಿ, 55 ಇಂಚಿನದರಲ್ಲಿ ಏಳು ಅಡಿ ದಾಟಿದರೆ ಫುಲ್ ಎಚ್‌ಡಿಯ ಚುಕ್ಕಿಗಳೇ ಒಂದರೊಳಗೊಂದು ಬೆರೆತುಹೋಗುತ್ತವೆ. ಅದಕ್ಕಿಂತ ದೂರ ಕೂತು 4ಕೆ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಅಕ್ಕನ ಮನೆಯದು 43 ಇಂಚು, ಫುಲ್ ಎಚ್‌ಡಿ. ಅಳಿಯ ಕೂರುವ ಮಂಚಕ್ಕೆ ಎಂಟು ಅಡಿ. 4ಕೆ ಮಾತು ಅಲ್ಲಿಗೇ ಮುಗಿಯಿತು.

ಹಾಗಂತ ಹೊಸ ಯಂತ್ರದಲ್ಲಿ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಯಾವ ಟಿವಿಯಲ್ಲಾದರೂ ಗೊತ್ತಾಗುವುದು ಫ್ರೇಮ್‌ಗಳ ಲೆಕ್ಕ. ಸೆಕೆಂಡಿಗೆ 30 ಚಿತ್ರ ಬಂದರೆ ಒಂದೊಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತದೆ. 60 ಬಂದರೆ 17ಕ್ಕಿಂತ ಕಡಿಮೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಕತ್ತಿ ಬೀಸಿದ್ದಕ್ಕೂ ನಡುವಿನ ತಡ ಕಡಿಮೆಯಾಗುವುದು ಕೈಗೇ ಗೊತ್ತಾಗುತ್ತದೆ. 2022ರ ಗಾಡ್ ಆಫ್ ವಾರ್ ರಾಗ್ನರಾಕ್ ಎರಡೂ ಯಂತ್ರಕ್ಕೆ ಬಂತು. ಸಾದಾ ಪಿಎಸ್4ರಲ್ಲಿ 30, ಪಿಎಸ್5ರಲ್ಲಿ 60. ಇಂಥ ಕಥೆಯ ಆಟಗಳೇ ಜಾಸ್ತಿ ಆಡುವವರಿಗೆ ಹೊಸದು ಖಂಡಿತ ಬೇರೆ ಅನುಭವ. ಫುಟ್‌ಬಾಲ್ ಆಡುವವರಿಗೆ ಅಲ್ಲ. ಆ ಆಟ ಪಿಎಸ್4ರಲ್ಲೇ 60ರಲ್ಲಿ ಓಡುತ್ತದೆ.

ಈಗ ಧೂಳು

ಇದು ನಮ್ಮೂರಿನ ವಿಷಯ, ಸ್ವಲ್ಪ ನಿಂತು ಹೇಳುತ್ತೇನೆ. ಪ್ಲೇಸ್ಟೇಷನ್ ಜೊತೆ ಬರುವ, ಯಾರೂ ಓದದ ಪುಸ್ತಿಕೆಯಲ್ಲಿ ಒಂದು ಸಾಲಿದೆ: 5ರಿಂದ 35 ಡಿಗ್ರಿ ಒಳಗೆ ಬಳಸಿ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು 40 ಮುಟ್ಟುತ್ತದೆ. ಮಧ್ಯಾಹ್ನ ಮೂರಕ್ಕೆ ಆರ್‌ಸಿಸಿ ಮನೆಯ ಕೋಣೆ 35ರ ಒಳಗೆ ಇರುತ್ತದಾ? ಪಿಎಸ್5ಕ್ಕೂ ಇದೇ 35ರ ಮಿತಿ. ಹೊಸದು ತಂದರೆ ಬಿಸಿಲೇನೂ ಕಡಿಮೆಯಾಗುವುದಿಲ್ಲ.

ಅಕ್ಕನ ಮನೆಯಲ್ಲಿ ಪಿಎಸ್4 ಇದ್ದದ್ದು ಶೋಕೇಸಿನ ಗಾಜಿನ ಬಾಗಿಲ ಹಿಂದೆ. ಮೇಲೆ ನಮ್ಮವ್ವ ಹೆಣೆದ ಕ್ರೋಶಾ ಹೊದಿಕೆ, ಅಂಚಿಗೆ ಕೆಂಪು ಹೂವು. ನೋಡಲು ಚಂದವೇ. ಬಿಸಿ ಗಾಳಿ ಹೋಗುವ ದಾರಿಯನ್ನು ಮಾತ್ರ ಅದು ಪೂರ್ತಿ ಮುಚ್ಚಿತ್ತು. ಆಟ ಶುರುವಾದ ಹತ್ತೇ ನಿಮಿಷಕ್ಕೆ ಫ್ಯಾನ್ ಹಿಟ್ಟಿನ ಗಿರಣಿಯ ಸಪ್ಪಳ ಮಾಡುತ್ತಿತ್ತು. ಅಳಿಯ ಅದನ್ನೇ 'ಹಳೀದಾಗೇತಿ' ಅಂತಿದ್ದ.

ಹೀಗೆ ಮಾಡಿ. ವೈರ್ ಎಲ್ಲ ಕಿತ್ತು, ಯಂತ್ರವನ್ನು ಅರ್ಧ ಗಂಟೆ ಆರಲು ಬಿಡಿ. ಸುತ್ತಲಿನ ಕಿಂಡಿಗಳನ್ನು ಮೆತ್ತನೆಯ ಬ್ರಶ್‌ನಿಂದ ಒರೆಸಿ. ಕಂಪ್ಯೂಟರ್ ಸ್ವಚ್ಛ ಮಾಡುವ ಚಿಕ್ಕ ಬ್ಲೋವರ್‌ನಿಂದ ಸ್ವಲ್ಪ ಸ್ವಲ್ಪವೇ ಗಾಳಿ ಬಿಡಿ. ಬಾಯಿಂದ ಊದಬೇಡಿ, ಉಗುಳು ಸಿಡಿಯುತ್ತದೆ. ಒಳಗೆ ಧೂಳು ಗಟ್ಟಿಯಾಗಿ ಕೂತಿದ್ದರೆ ಮುಚ್ಚಳ ಬಿಚ್ಚಬೇಕು. ರೂಢಿ ಇಲ್ಲದವರು ಲ್ಯಾಪ್‌ಟಾಪ್ ರಿಪೇರಿ ಮಾಡುವವರ ಕೈಗೆ ಕೊಡಿ. ಚಿಪ್‌ನ ಬಿಸಿ ಹೊರಹೋಗಲು ಅದರ ಮೇಲೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನೂ ಬದಲಿಸಿಕೊಡುತ್ತಾರೆ. ನೀವೇ ಬಿಚ್ಚಿದರೆ ಫ್ಯಾನಿನ ಎಲೆಯನ್ನು ಒಂದು ಹಲ್ಲುಕಡ್ಡಿಯಿಂದ ತಡೆದು ಹಿಡಿದು ಗಾಳಿ ಬಿಡಿ.

ಹಲ್ಲುಕಡ್ಡಿಯ ಮಾತು ಯಾಕೆ ಅಂದರೆ, ನಾನು ಒಮ್ಮೆ ಜಾಣತನ ಮಾಡಿ ನನ್ನ ಯಂತ್ರವನ್ನು ಬೈಕ್ ಗ್ಯಾರೇಜಿಗೆ ಒಯ್ದು ಗಾಳಿ ಹೊಡೆಸಿದ್ದೆ. ಫ್ಯಾನ್ ಬುಗುರಿ ಥರ ತಿರುಗಿತು, ನೋಡಲು ಮಜಾ ಅನಿಸಿತು. ಪೈಪಿನಿಂದ ನಾಲ್ಕು ಹನಿ ನೀರೂ ಬಂತು. ಮನೆಗೆ ಬಂದು ಹಚ್ಚಿದರೆ ಬೇರಿಂಗ್ ಕಟಕಟ ಅನ್ನುತ್ತಿತ್ತು. ಹೊಸ ಫ್ಯಾನ್ ಹಾಕಿಸಬೇಕಾಯಿತು.

ಅಳಿಯನ ಯಂತ್ರವನ್ನು ಸ್ವಚ್ಛ ಮಾಡಿ, ಶೋಕೇಸಿನಿಂದ ತೆಗೆದು ಮೇಜಿನ ಮೇಲಿಟ್ಟೆವು. ಹೊದಿಕೆ ಫ್ರಿಜ್ ಮೇಲೆ ಹೋಯಿತು. ಸಂಜೆ ಆಟ ನಡೆದಿತ್ತು, ಅಕ್ಕ ಅಡುಗೆಮನೆಯಿಂದ ಇಣುಕಿದಳು. "ಯಾಕ, ಸಪ್ಪಳನ ಇಲ್ಲ? ಕೆಡಿಸಿದ್ರೇನ?"

ಆಮೇಲೆ ಹಾರ್ಡ್ ಡಿಸ್ಕ್

ಪಿಎಸ್4ರ ಇನ್ನೊಂದು ರೋಗ ಲೋಡಿಂಗ್. ಒಳಗಿರುವುದು ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಸೆಕೆಂಡಿಗೆ ಹೆಚ್ಚೆಂದರೆ ನೂರು ಎಂಬಿ ಆಸುಪಾಸು ಓದುತ್ತದೆ. ಪಿಎಸ್5ರಲ್ಲಿ ತಿರುಗುವ ಡಿಸ್ಕ್ ಬದಲು ಚಿಪ್‌ಗಳಿರುವ ಎಸ್‌ಎಸ್‌ಡಿ ಇದೆ, ಅದರ ವೇಗ ಸೆಕೆಂಡಿಗೆ 5.5 ಜಿಬಿ. ಆ ವೇಗ ಹಳೆಯದಕ್ಕೆ ಬರುವುದಿಲ್ಲ. ಆದರೆ ಸಾದಾ ಎಸ್‌ಎಸ್‌ಡಿ ಹಾಕಿದರೂ ಕಾಯುವುದು ಎಷ್ಟೋ ಕಡಿಮೆಯಾಗುತ್ತದೆ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆವು: ಜಿಟಿಎ 5 ತೆರೆಯಲು ಮುಂಚೆ ಎರಡು ನಿಮಿಷದ ಹತ್ತಿರ, ಆಮೇಲೆ ಸವಾ ನಿಮಿಷ.

ಕೊಳ್ಳಬೇಕಾದ್ದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಉದ್ದ ಪಟ್ಟಿಯಂತಿರುವ ಎಂ.2 ತರಬೇಡಿ, ಅದು ಕೂರುವುದಿಲ್ಲ. ಮೊದಲು ಸೇವ್ ಮಾಡಿದ ಆಟಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಇದನ್ನು ಮರೆತರೆ ಮನೆಯಲ್ಲಿ ಅಳು ಗ್ಯಾರಂಟಿ. ಸ್ಲಿಮ್‌ನಲ್ಲಿ ಹಿಂಬದಿಯ ಮೂಲೆಯ ಪ್ಲಾಸ್ಟಿಕ್ ಮುಚ್ಚಳ ಎಳೆದರೆ ಒಂದೇ ಒಂದು ಸ್ಕ್ರೂ ಕಾಣುತ್ತದೆ. ಅದರ ತಲೆಯ ಮೇಲೆ ಕಂಟ್ರೋಲರ್‌ನ ತ್ರಿಕೋನ, ವೃತ್ತ, ಚೌಕಗಳೇ ಕೆತ್ತಿರುತ್ತವೆ. ಅದನ್ನು ಬಿಚ್ಚಿ ಡಿಸ್ಕ್ ಹೊರಗೆಳೆಯಿರಿ. ಪಕ್ಕದ ನಾಲ್ಕು ಸ್ಕ್ರೂ ತೆಗೆದು ಹೊಸದನ್ನು ಕೂರಿಸಿ.

ಇನ್ನು ಸಾಫ್ಟ್‌ವೇರ್. ಹೊಸ ಡಿಸ್ಕ್ ಖಾಲಿ ಇರುವುದರಿಂದ ಅದನ್ನು ಪೆನ್‌ಡ್ರೈವ್‌ನಿಂದ ಮತ್ತೆ ಹಾಕಬೇಕು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಪ್ಲೇಸ್ಟೇಷನ್ ಜಾಲತಾಣದಲ್ಲಿ ಎರಡು ಫೈಲ್ ಇರುತ್ತವೆ, ಒಂದು ಬರೀ ಅಪ್‌ಡೇಟ್, ಇನ್ನೊಂದು ಪೂರ್ತಿ ಮರುಸ್ಥಾಪನೆಯದು. ನಿಮಗೆ ಬೇಕಾದ್ದು ದೊಡ್ಡದು, ಸುಮಾರು ಒಂದು ಜಿಬಿ. ನಾವು ಚಿಕ್ಕದನ್ನು ಹಾಕಿ ಒಂದು ತಾಸು ಒದ್ದಾಡಿದೆವು. ಕಂಟ್ರೋಲರ್ ಅನ್ನು ವೈರ್‌ನಿಂದಲೇ ಜೋಡಿಸಿ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ಆದರೆ ಯಂತ್ರ ಗುರುತಿಸುವುದೇ ಇಲ್ಲ.

ಇಷ್ಟಾದ ಮೇಲೂ ಹೊಸದೇ ಬೇಕು ಅಂದರೆ

ಡಿಸ್ಕ್ ಹಾಕುವ ಮಾಡೆಲ್ ಕೊಳ್ಳಿ. ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಾಗ ಡಿಸ್ಕ್ ಇರುವುದು 54,990, ಇಲ್ಲದ್ದು 44,990. ಹತ್ತು ಸಾವಿರ ಉಳಿಯಿತು ಅಂತ ಖುಷಿಪಡಬೇಡಿ. ನಿಮ್ಮ ಹತ್ತಿರ ಇರುವ ಪಿಎಸ್4 ಸಿಡಿಗಳು ಹೆಚ್ಚುಕಡಿಮೆ ಎಲ್ಲವೂ ಡಿಸ್ಕ್ ಮಾಡೆಲ್‌ನಲ್ಲಿ ಓಡುತ್ತವೆ, ಇನ್ನೊಂದರಲ್ಲಿ ಹಾಕುವುದಕ್ಕೆ ಜಾಗವೇ ಇಲ್ಲ. ಬೇರೆಯಾಗಿ ಡ್ರೈವ್ ಕೊಂಡು ಜೋಡಿಸಬೇಕು. ಗೆಳೆಯರ ಜೊತೆ ಸಿಡಿ ಅದಲುಬದಲು ಮಾಡುವುದೂ ನಿಲ್ಲುತ್ತದೆ.

ನೆಟ್ ಲೆಕ್ಕವನ್ನೂ ಹಾಕಿ. ಈಗಿನ ದೊಡ್ಡ ಆಟ 100 ಜಿಬಿ. ಮನೆಗೆ 50 ಎಂಬಿಪಿಎಸ್ ಫೈಬರ್ ಇದ್ದರೆ ನಾಲ್ಕೂವರೆ ತಾಸು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ 2 ಜಿಬಿ ಅಂದರೆ 50 ದಿನ. ಹಳೆಯ ಕಂಟ್ರೋಲರ್ ಪಿಎಸ್5ರಲ್ಲಿ ಪಿಎಸ್4 ಆಟಕ್ಕೆ ಮಾತ್ರ ನಡೆಯುತ್ತದೆ, ಹೊಸ ಆಟಕ್ಕಿಲ್ಲ. ಅಣ್ಣ ತಮ್ಮ ಇಬ್ಬರು ಆಡುವ ಮನೆಯಾದರೆ ಎರಡನೆಯ ಕಂಟ್ರೋಲರ್ ಖರ್ಚು ಸೇರಿಸಿಕೊಳ್ಳಿ.

ಹಳೆಯದನ್ನು ಮಾರುವವರು ಸೇವ್‌ಗಳನ್ನು ಹೊಸದಕ್ಕೆ ದಾಟಿಸಿ, ಅಕೌಂಟ್ ತೆಗೆದು, ಇನಿಶಿಯಲೈಸ್ ಮಾಡಿಯೇ, ಅಂದರೆ ಒಳಗಿನದೆಲ್ಲ ಅಳಿಸಿಯೇ ಕೊಡಿ. ಅಕ್ಕನ ಮನೆಯಲ್ಲಿ ಸದ್ಯ ಆ ಮಾತು ಬಂದಿಲ್ಲ. ಅಳಿಯನ ಎರಡನೆಯ ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿದೆ, ಅದರಲ್ಲಿ ನವೆಂಬರ್ 19ಕ್ಕೆ ಕೆಂಪು ಪೆನ್ನಿನ ಸುತ್ತು. ಅಪ್ಪ ಹಾಲು ತೆಗೆಯುವಾಗಲೆಲ್ಲ ಅದು ಕಣ್ಣಿಗೆ ಬೀಳುವಂತೆಯೇ ಅಂಟಿಸಿದ್ದಾನೆ.