ಸಬ್ಸಿಡಿ ಎಲ್ಲಿ ನಿಂತಿದೆ? ಕೇಳುವ ಕ್ರಮ ಹೀಗೆ

ಬ್ರಹ್ಮಾವರದಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ನಾನು ಹಲಸಿನ ಹಪ್ಪಳ ಮಾಡುತ್ತೇನೆ. ಸಣ್ಣ ಆಹಾರ ಘಟಕಗಳಿಗೆಂದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ (ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮ) ಯೋಜನೆಯ ಸಬ್ಸಿಡಿ ತಡವಾದರೆ ನಮ್ಮ ಹೆಂಗಸರಿಗೆ ಸಿಗುವ ಉತ್ತರ ಎರಡೇ. ಒಂದು ಪಕ್ಷದವರು "ರಾಜ್ಯ ಬಿಡಲಿಲ್ಲ" ಅನ್ನುತ್ತಾರೆ, ಇನ್ನೊಂದು ಪಕ್ಷದವರು "ಕೇಂದ್ರ ಕೊಡಲಿಲ್ಲ" ಅನ್ನುತ್ತಾರೆ. ಇಬ್ಬರನ್ನೂ ನಂಬಿ ಕೂರಬೇಡಿ. ಹಪ್ಪಳಕ್ಕೆ ಬೇಕಾದ ಬೆಳೆದ ಕಾಯಿಯೂ ಒಣಗಿಸುವ ಬಿಸಿಲೂ ಒಟ್ಟಿಗೆ ಸಿಗುವುದು ಮಳೆಗಾಲಕ್ಕೆ ಮೊದಲು ಮಾತ್ರ. ಅದು ತಪ್ಪಿದರೆ ಒಂದು ವರ್ಷವೇ ಹೋಯಿತು.

ಮೊದಲು ಪಾಲು ಲೆಕ್ಕ ಹಾಕಿ. ಡ್ರೈಯರ್, ಪ್ರೆಸ್ ಮೆಷಿನ್ ಎಲ್ಲ ಸೇರಿ 6 ಲಕ್ಷದ ಘಟಕ ಅಂತಿಟ್ಟುಕೊಳ್ಳಿ. ಮೂಲ ಸಬ್ಸಿಡಿ ಶೇ 35, ಅಂದರೆ 2,10,000. ಇದನ್ನು ಕೇಂದ್ರ, ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ: ಕೇಂದ್ರದ್ದು 1,26,000, ರಾಜ್ಯದ್ದು 84,000. ಕರ್ನಾಟಕ ಇದರ ಮೇಲೆ ತನ್ನದೇ ಶೇ 15 ಕೊಡುತ್ತದೆ, ಅದು 90,000. ಹಾಗಾಗಿ ಹೆಸರು ಪ್ರಧಾನ ಮಂತ್ರಿಯದ್ದಾದರೂ ದೊಡ್ಡ ಪಾಲು, 1,74,000, ಬೆಂಗಳೂರಿನಿಂದಲೇ ಬರಬೇಕು. ಇದು ಗೊತ್ತಿದ್ದರೆ ಯಾರೂ ನಿಮ್ಮನ್ನು ಸುಮ್ಮನೆ ಸಾಗಹಾಕಲಿಕ್ಕೆ ಆಗುವುದಿಲ್ಲ.

ಸರ್ಕಾರಗಳಿಗೂ ನಿಮಗೂ ನಡುವೆ ಬ್ಯಾಂಕ್ ಉಂಟು, ಅದನ್ನು ಎಲ್ಲರೂ ಮರೆಯುತ್ತಾರೆ. ಸಾಲ ಮಂಜೂರಾದ ಮೇಲೆ ಸಬ್ಸಿಡಿಯ ಕ್ಲೇಮ್ ಹಾಕಬೇಕಾದವರು ಬ್ಯಾಂಕಿನವರು. ಹಣ ನಿಮ್ಮ ಕೈಗೆ ಬರುವುದಿಲ್ಲ. ಸಾಲಕ್ಕೆ ಜೋಡಿಸಿದ ಪ್ರತ್ಯೇಕ ಖಾತೆಯಲ್ಲಿ ಮೂರು ವರ್ಷ ಇದ್ದು, ಕಂತು ಸರಿಯಾಗಿ ಕಟ್ಟಿ ಘಟಕ ನಡೆಸುತ್ತಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ಆ ಖಾತೆಗೆ ಬಂದ ಮೊತ್ತದಷ್ಟು ಸಾಲಕ್ಕೆ ಬಡ್ಡಿ ಇಲ್ಲ. ಅಂದರೆ ತಡವಾದ ಪ್ರತಿ ತಿಂಗಳ ಬಡ್ಡಿ ನಿಮ್ಮ ತಲೆಗೇ. ಹಾಗಾಗಿ ಶಾಖೆಗೆ ಹೋಗಿ ಬರಹದಲ್ಲಿ ಕೇಳಿ: ಕ್ಲೇಮ್ ಯಾವ ತಾರೀಕಿಗೆ ಹಾಕಿದ್ದೀರಿ? ಕೇಂದ್ರದ ಪಾಲು ಯಾವಾಗ ಬಂತು? ರಾಜ್ಯದ ಪಾಲು? ಪತ್ರದ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಬಾಯಿಮಾತಿನ ಉತ್ತರ ಮಾತ್ರ ಸಿಕ್ಕಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಸರ್ಕಾರಿ ಬ್ಯಾಂಕಿಗೆ ಒಂದು, ಜಿಲ್ಲೆಯಲ್ಲಿ ಯೋಜನೆ ನೋಡಿಕೊಳ್ಳುವ ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಬೇರೆಯೇ ಒಂದು. ಅರ್ಜಿ ಚಿಕ್ಕದಿರಲಿ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಸಿಟ್ಟನ್ನೆಲ್ಲ ಅದರಲ್ಲಿ ಬರೆಯಬೇಡಿ, ತಾರೀಕು ಕೇಳಿ.

ಉತ್ತರ ಕೈಗೆ ಬಂದ ಮೇಲೆ ರಾಜಕಾರಣಿಗಳ ಹತ್ತಿರ ಹೋಗಿ, ಅದಕ್ಕೆ ಮೊದಲು ಬೇಡ. ಕೇಂದ್ರದ ಪಾಲು ಬಾಕಿಯಾದರೆ ಸಂಸದರ ಕಚೇರಿ, ರಾಜ್ಯದ್ದಾದರೆ ಶಾಸಕರು ಮತ್ತು ಉಸ್ತುವಾರಿ ಸಚಿವರು. ಬ್ಯಾಂಕೇ ಕ್ಲೇಮ್ ಹಾಕಿರದಿದ್ದರೆ ಜಿಲ್ಲೆಯ ಎಲ್ಲ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಬರೆದು, ಬ್ಯಾಂಕುಗಳ ತ್ರೈಮಾಸಿಕ ಪರಿಶೀಲನಾ ಸಭೆಯಲ್ಲಿ ವಿಷಯ ಎತ್ತಲು ಕೇಳಿ. ಒಂದೇ ಶಾಖೆಯಲ್ಲಿ ಸಿಕ್ಕಿಬಿದ್ದವರು ನಾಲ್ಕೈದು ಮಂದಿ ಒಟ್ಟಿಗೆ ಬರೆದರೆ ಇನ್ನೂ ಒಳ್ಳೆಯದು.

ಹೊಸದಾಗಿ ಅರ್ಜಿ ಹಾಕುವವರು ಯೋಜನೆ ಈಗ ತೆರೆದಿದೆಯೇ ಎಂದು ಮೊದಲು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಯೋಜನಾ ವರದಿ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ, ಅವರ ಸಂಭಾವನೆ ಸರ್ಕಾರದ್ದು. ವರದಿಗೆಂದು ಮಧ್ಯವರ್ತಿಗೆ ಒಂದು ರೂಪಾಯಿಯೂ ಕೊಡಬೇಡಿ.