ಹೊಗೆ ಮಾಲ್ಟಿಗಲ್ಲ, ಮರಕ್ಕೆ: ಒಂದು ಐರಿಷ್ ಸಿಂಗಲ್ ಮಾಲ್ಟ್ ಕುಡಿದು ನೋಡಿದ್ದು

ಐರಿಷ್ ವಿಸ್ಕಿ ಅಂದರೆ ಮೆತ್ತಗಿನ ವಿಸ್ಕಿ ಅಂತಲೇ ಹೆಚ್ಚಿನವರ ಲೆಕ್ಕ. ಹೊಗೆ ಇಲ್ಲ, ಘಾಟಿಲ್ಲ, ಗಂಟಲಲ್ಲಿ ಜಗಳವಾಡದೆ ಇಳಿಯುತ್ತದೆ. ಹೊಗೆ ಬೇಕಾದವರು ಸ್ಕಾಟ್ಲೆಂಡಿನ ಐಲಾ ದ್ವೀಪದ ಬಾಟಲಿ ಹುಡುಕುತ್ತಾರೆ. ಐರ್ಲೆಂಡಿನಲ್ಲೂ ಹೊಗೆಯ ವಿಸ್ಕಿ ಇಲ್ಲವೆಂದಲ್ಲ. 1987ರಲ್ಲಿ ಶುರುವಾದ ಕೂಲಿ ಡಿಸ್ಟಿಲರಿಯ ಕನೆಮಾರಾ ಹೆಸರು ಕೇಳಿದವರಿಗೆ ಅದು ಗೊತ್ತು. ಆದರೆ ನಾನು ಹೇಳಹೊರಟಿರುವ ಬಾಟಲಿಯ ದಾರಿಯೇ ಬೇರೆ.

ಇದು ವೆಸ್ಟ್ ಕಾರ್ಕ್ ಡಿಸ್ಟಿಲರ್ಸ್‌ನವರ ಗ್ಲೆನ್‌ಗ್ಯಾರಿಫ್ ಸರಣಿಯ ‘ಪೀಟ್ ಚಾರ್ಡ್ ಕ್ಯಾಸ್ಕ್’. ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ (ಅದೇ ಮಾಲ್ಟ್) ಮಾಡಿದ್ದು. ಶೇಕಡಾ 43 ಆಲ್ಕೋಹಾಲ್. ಡಿಸ್ಟಿಲರಿ ಇರುವುದು ಐರ್ಲೆಂಡಿನ ನೈಋತ್ಯ ಮೂಲೆಯ ಸ್ಕಿಬರೀನ್ ಎಂಬ ಸಣ್ಣ ಊರಲ್ಲಿ. 2003ರಲ್ಲಿ ಪಕ್ಕದ ಯೂನಿಯನ್ ಹಾಲ್ ಎಂಬ ಮೀನುಗಾರರ ಹಳ್ಳಿಯಲ್ಲಿ ಶುರುವಾಗಿ, ಆಮೇಲೆ ಇಲ್ಲಿಗೆ ಬಂತು. ಗ್ಲೆನ್‌ಗ್ಯಾರಿಫ್ ಅದೇ ಸೀಮೆಯ ಇನ್ನೊಂದು ಊರು. ಬ್ಯಾಂಟ್ರಿ ಕೊಲ್ಲಿಯ ಅಂಚಿನಲ್ಲಿದೆ, ಹಳೆಯ ಓಕ್ ಕಾಡಿಗೆ ಹೆಸರುವಾಸಿ. ನಾನು ಕೆಲಸಕ್ಕೆಂದು ಬಂದು ನೆಲೆಸಿರುವುದು ಕಾರ್ಕ್ ನಗರದಲ್ಲಿ. ಹಾಗಾಗಿ ಒಂಥರಾ ಇದು ನಮ್ಮ ಜಿಲ್ಲೆಯದ್ದೇ ಮಾಲು.

ಸಾಮಾನ್ಯವಾಗಿ ವಿಸ್ಕಿಗೆ ಹೊಗೆ ಬರುವುದು ಬಾರ್ಲಿಯಿಂದ. ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸುವಾಗ ಕೆಳಗೆ ಪೀಟ್ ಉರಿಸುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಪಾಚಿ, ಹುಲ್ಲು, ಬೇರು ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತು ಗಟ್ಟಿಯಾದ ಕಪ್ಪು ಮಣ್ಣು. ಐರ್ಲೆಂಡಿನ ಹಳ್ಳಿಗಳಲ್ಲಿ ಇದನ್ನು ಇಟ್ಟಿಗೆ ಥರ ಕೊಯ್ದು ಒಣಗಿಸಿ ಒಲೆಗೆ ಹಾಕುತ್ತಿದ್ದರು. ಇಲ್ಲಿನವರು ಟರ್ಫ್ ಅನ್ನುತ್ತಾರೆ. ಇದರ ಹೊಗೆಯಲ್ಲಿರುವ, ಹೊಗೆವಾಸನೆ ಕೊಡುವ ಫಿನಾಲ್ ಎಂಬ ರಾಸಾಯನಿಕಗಳು ಕಾಳಿಗೆ ಅಂಟಿಕೊಂಡು, ಹುದುಗು, ಭಟ್ಟಿ ಎಲ್ಲ ದಾಟಿ ಗ್ಲಾಸಿನವರೆಗೂ ಬರುತ್ತವೆ.

ಇಲ್ಲಿ ಬಾರ್ಲಿಗೆ ಹೊಗೆ ಸೋಕಿಸಿಲ್ಲ. ವಿಸ್ಕಿಯನ್ನು ಮೊದಲು ಶೆರ್ರಿ ಎಂಬ ಸ್ಪೇನಿನ ವೈನಿನ ಪೀಪಾಯಿಯಲ್ಲಿಟ್ಟು ಮಾಗಿಸುತ್ತಾರೆ. ಕೊನೆಯ ಕೆಲವು ತಿಂಗಳು, ಒಳಮೈಯನ್ನು ಪೀಟ್ ಬೆಂಕಿಯಲ್ಲಿ ಸುಟ್ಟ ಪೀಪಾಯಿಗೆ ವರ್ಗಾಯಿಸುತ್ತಾರೆ. ಸೌದೆ ಒಲೆಯ ಮೇಲೆ ಹಂಡೆಯಲ್ಲಿ ಕಾದ ನೀರಿಗೆ ಒಂದು ಹೊಗೆವಾಸನೆ ಇರುತ್ತದಲ್ವಾ? ನೀರಿಗೆ ಯಾರೂ ಹೊಗೆ ಹಾಕಿರುವುದಿಲ್ಲ, ಆದರೂ ಸ್ನಾನ ಮಾಡಿ ಬಂದ ಮೇಲೆ ತಲೆಗೂದಲಲ್ಲಿ ಅದು ಇರುತ್ತದೆ. ಈ ವಿಸ್ಕಿಯ ಹೊಗೆಯೂ ಅಷ್ಟೇ ಹಗುರ. ಐಲಾ ಅಂದುಕೊಂಡು ಬಾಟಲಿ ಬಿಚ್ಚಿದವರು ಬೇಜಾರಾಗುವುದು ಇಲ್ಲೇ.

ಹಗುರವಾದ ಹೊಗೆ ಹಿಡಿಯಬೇಕಾದರೆ ಸ್ವಲ್ಪ ತಯಾರಿ ಬೇಕು. ಅವತ್ತು ಮನೆಯಲ್ಲಿ ಊದುಬತ್ತಿ ಹಚ್ಚಲಿಲ್ಲ. ಮಧ್ಯಾಹ್ನವೇ ಅಡುಗೆ ಮುಗಿಸಿ ಕಿಟಕಿ ತೆರೆದಿಟ್ಟೆ. ಇಂಗಿನ ಒಗ್ಗರಣೆ ಹಾಕಿದ ಮನೆಯಲ್ಲಿ ಯಾವ ವಿಸ್ಕಿಯ ವಾಸನೆಯೂ ಗೆಲ್ಲುವುದಿಲ್ಲ. ಬಾಯಿ ಕಿರಿದಾದ, ಹೊಟ್ಟೆ ಉಬ್ಬಿದ ಗ್ಲಾಸುಗಳನ್ನು ತೊಳೆದು ಗಾಳಿಯಲ್ಲೇ ಆರಲು ಬಿಟ್ಟೆ. ಬಟ್ಟೆಯಲ್ಲಿ ಒರೆಸಿದರೆ ಸೋಪಿನ ಪುಡಿಯ ವಾಸನೆ ಗ್ಲಾಸಿಗೆ ಬರುತ್ತದೆ.

ಒಂದೇ ವಿಸ್ಕಿ ಕುಡಿದರೆ ಏನೂ ಗೊತ್ತಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಕ್ಕದಲ್ಲಿ ಬೇರೆ ಗ್ಲಾಸು ಇರಲೇಬೇಕು. ಹಾಗಾಗಿ ಮೂರು ಸುರಿದೆ, ತಲಾ 30 ಎಂಎಲ್. ಮೊದಲನೆಯದು ಇದೇ ಡಿಸ್ಟಿಲರಿಯ ಬರ್ಬನ್ ಕ್ಯಾಸ್ಕ್, ಅಂದರೆ ಬರ್ಬನ್ ಎಂಬ ಅಮೆರಿಕನ್ ವಿಸ್ಕಿಯ ಪೀಪಾಯಿಯಲ್ಲಿ ಮಾಗಿದ್ದು. ಅದು ಬ್ಲೆಂಡ್ (ಮಾಲ್ಟಿಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು), ಸಿಂಗಲ್ ಮಾಲ್ಟ್ ಅಲ್ಲ, ಆದರೆ ಹೊಗೆ ಇಲ್ಲದ ರುಚಿ ಯಾವುದು ಅಂತ ನಾಲಿಗೆಗೆ ನೆನಪಿಸೋಕೆ ಸಾಕು. ಎರಡನೆಯದು ಪೀಟ್ ಚಾರ್ಡ್. ಮೂರನೆಯದು ನಮ್ಮ ಬೆಂಗಳೂರಿನ ಅಮೃತ್ ಪೀಟೆಡ್. ಮೈಸೂರು ರಸ್ತೆಯ ಕಂಬೀಪುರದಲ್ಲಿ ಮಾಗಿದರೂ ಅದರ ಹೊಗೆ ಹತ್ತಿದ ಬಾರ್ಲಿ ಬರುವುದು ಸ್ಕಾಟ್ಲೆಂಡಿನಿಂದ. ಕಾಳಿಗೆ ಹೊಗೆ ಹಾಕಿದ್ದಕ್ಕೂ ಮರಕ್ಕೆ ಹೊಗೆ ಹಾಕಿದ್ದಕ್ಕೂ ವ್ಯತ್ಯಾಸ ನೋಡಲು ಅದು ಬೇಕಿತ್ತು. ಅದನ್ನು ಕೊನೆಗೇ ಇಡಬೇಕು. ಗಟ್ಟಿ ಹೊಗೆ ಮೊದಲು ಬಾಯಿಗೆ ಬಿದ್ದರೆ ಆಮೇಲೆ ಮೆಲ್ಲಗಿನದು ಕೇಳಿಸುವುದೇ ಇಲ್ಲ.

ಜೊತೆಗೆ ಕುಂದಾಪುರ ಕಡೆಯ ಗೆಳೆಯನೊಬ್ಬ ಇದ್ದ. ಅವನಿಗೆ ಈ ಶಾಸ್ತ್ರ ಎಲ್ಲ ಅಷ್ಟಕ್ಕಷ್ಟೆ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐರಿಷ್ ವಿಸ್ಕಿಗೆ ಕ್ಯಾರಮೆಲ್ ಬಣ್ಣ ಹಾಕಲು ಕಾನೂನಿನಲ್ಲೇ ಅವಕಾಶ ಇದೆ. ಬಣ್ಣ ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ.

ಪೀಟ್ ಚಾರ್ಡ್ ಗ್ಲಾಸನ್ನು ಮೂಗಿಗೆ ಹಿಡಿದಾಗ ಮೊದಲು ಸಿಕ್ಕಿದ್ದು ಹಣ್ಣು. ಬೇಯಿಸಿದ ಸೇಬು, ಒಣದ್ರಾಕ್ಷಿ, ಸ್ವಲ್ಪ ಜೇನು. ಹೊಗೆಯ ಸುಳಿವೇ ಇಲ್ಲ. ಗೆಳೆಯ ಮೂಗು ಒಳಗೇ ತುರುಕಿ, “ಹೊಗೆ ಎಲ್ಲಿತ್ತು ಮಾರಾಯ ಇದ್ರಲ್ಲಿ? ದುಡ್ಡು ವೇಸ್ಟ್” ಅಂದ. ಮೂಗನ್ನು ಗ್ಲಾಸಿನ ಒಳಗೆ ಇಳಿಸಿದರೆ ಆಲ್ಕೋಹಾಲ್ ಚುಚ್ಚುತ್ತದೆ, ಉಳಿದದ್ದು ಮುಚ್ಚಿಹೋಗುತ್ತದೆ. ಗ್ಲಾಸನ್ನು ಗಲ್ಲದ ಮಟ್ಟಕ್ಕಿಳಿಸಿ, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಉಸಿರೆಳೆದುಕೊಂಡೆ. ಆಗ ಹಣ್ಣಿನ ಹಿಂದೆ ಒಣಗಿದ, ಬೂದಿಯಂಥ ಒಂದು ವಾಸನೆ ಬಂತು. ಲವಂಗ ಕೂಡ. ಬರ್ಬನ್ ಕ್ಯಾಸ್ಕ್ ಗ್ಲಾಸಿಗೆ ಹೋಗಿ ವಾಪಸ್ ಬಂದಾಗ ಇನ್ನೂ ಸ್ಪಷ್ಟವಾಯಿತು. ಅಲ್ಲಿ ಬರೀ ವೆನಿಲಾ, ಬಿಸ್ಕತ್ತು. ಇಲ್ಲಿ ಏನೋ ಸುಟ್ಟಿದೆ.

ಮೊದಲ ಗುಟುಕು ಬಾಯಿ ಹದ ಮಾಡಿಕೊಳ್ಳಲು ಅಷ್ಟೇ. ಅದರ ಮೇಲೆ ತೀರ್ಪು ಕೊಡಬಾರದು. ಎರಡನೆಯದನ್ನು ನಾಲಿಗೆಯ ಮೇಲೆ ನಿಧಾನವಾಗಿ ಹೊರಳಾಡಿಸಿದೆ. ಮಾಲ್ಟಿನ ಸಿಹಿ, ಆಮೇಲೆ ಶೆರ್ರಿ ಪೀಪಾಯಿಯ ಒಣಹಣ್ಣು, ಮಧ್ಯದಲ್ಲಿ ಕಾಳುಮೆಣಸಿನ ಸಣ್ಣ ಖಾರ. ನುಂಗಿ ಮೂಗಿನಿಂದ ಉಸಿರು ಬಿಟ್ಟಾಗ ಹೊಗೆ ಬಂತು. ಈ ವಿಸ್ಕಿಯಲ್ಲಿ ಹೊಗೆ ಇರುವ ಜಾಗ ಅದೇ. ಒಣ ಹೊಗೆ, ಕೊನೆಯಲ್ಲಿ ಡಿಕಾಕ್ಷನ್ನಿನ ಕಹಿ.

ಆಮೇಲೆ ನೀರು. ಇಲ್ಲಿ ನನಗೆ ತುಂಬಾ ಮಜಾ ಸಿಕ್ಕಿತು. ನೀರು ಹಾಕಿದರೆ ವಿಸ್ಕಿ ಹಾಳಾಗುತ್ತದೆ ಅಂತ ಕೆಲವರು ಗದರುತ್ತಾರೆ. ಹೊಗೆಯ ವಿಷಯದಲ್ಲಿ ನೋಡಿದರೆ ಅದು ಉಲ್ಟಾ. ಹೊಗೆ, ಲವಂಗದ ವಾಸನೆ ಕೊಡುವ ಮುಖ್ಯ ವಸ್ತು ಗ್ವಾಯಕಾಲ್. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಕಂಪ್ಯೂಟರಿನಲ್ಲಿ ಇದರ ಅಣುಗಳ ಓಡಾಟ ಲೆಕ್ಕ ಹಾಕಿದ್ದರು. ಆಲ್ಕೋಹಾಲ್ ಜಾಸ್ತಿ ಇದ್ದಾಗ ಗ್ವಾಯಕಾಲ್ ದ್ರವದೊಳಗೇ ಹರಡಿಕೊಂಡಿರುತ್ತದೆ. ನೀರು ಬೆರೆಸಿ ತೆಳುವಾಗಿಸಿದಾಗ ಅದು ಮೇಲ್ಮೈ ಕಡೆಗೆ, ಅಂದರೆ ನಮ್ಮ ಮೂಗಿನ ಕಡೆಗೆ ಬರುತ್ತದೆ. ಶೇಕಡಾ 43ರ 30 ಎಂಎಲ್‌ಗೆ ಒಂದು ಟೀ ಚಮಚ, ಅಂದರೆ 5 ಎಂಎಲ್ ನೀರು ಹಾಕಿದರೆ ಸುಮಾರು 37ಕ್ಕೆ ಇಳಿಯುತ್ತದೆ. ಅಷ್ಟೇ ಹಾಕಿದೆ. ಗ್ಲಾಸ್ ಆಡಿಸಿ ಸ್ವಲ್ಪ ಹೊತ್ತು ಬಿಟ್ಟೆ. ಒಣದ್ರಾಕ್ಷಿ ಹಿಂದೆ ಸರಿದು, ಬೂದಿ, ಲವಂಗ, ಸುಟ್ಟ ಮರ ಮುಂದೆ ಬಂದವು. ನನ್ನ ಗೆಳೆಯ ಈ ಸಲ ಸುಮ್ನೆ ತಲೆ ಆಡಿಸಿದ. ಇನ್ನೊಂದು ಚಮಚ ಹಾಕಿದ ಮೇಲೆ ಮಾತ್ರ ಬಾಯಲ್ಲಿ ತೆಳುವಾಯಿತು. ವಾಸನೆ ಇದೆ, ಮೈ ಇಲ್ಲ. ಐಸ್ ಅಂತೂ ಬೇಡವೇ ಬೇಡ. ತಣ್ಣಗಾದಷ್ಟೂ ವಾಸನೆ ಏಳುವುದಿಲ್ಲ, ಇದರಲ್ಲಿ ಇರುವುದೇ ಸ್ವಲ್ಪ.

ಕೊನೆಗೆ ಅಮೃತ್. ಗ್ಲಾಸ್ ಮೇಜಿನ ಮೇಲಿದ್ದಾಗಲೇ ಹೊಗೆ ಬರುತ್ತಿತ್ತು. ಮೂಗಿನಲ್ಲೂ ಹೊಗೆ, ಬಾಯಲ್ಲೂ ಹೊಗೆ, ನುಂಗಿದ ಮೇಲೂ ಹೊಗೆ. ಶೇಕಡಾ 46 ಇರುವುದೂ ಒಂದು ಕಾರಣ ಅನ್ನಿ. ಆದರೆ ಮುಖ್ಯ ವಿಷಯ, ಅದರಲ್ಲಿ ಹೊಗೆ ವಿಸ್ಕಿಯ ಜೊತೆಗೇ ಹುಟ್ಟಿ ಬೆಳೆದಿದೆ. ಪೀಟ್ ಚಾರ್ಡ್‌ನಲ್ಲಿ ಹೊಗೆ ಕೊನೆಯ ಕೆಲವು ತಿಂಗಳಲ್ಲಿ ಬಂದ ನೆಂಟ. ಹಣ್ಣು, ಮಾಲ್ಟ್ ಮೊದಲೇ ಜಾಗ ಹಿಡಿದು ಕೂತಿವೆ.

ಒಂದು ತಕರಾರೂ ಇದೆ. ಓಕ್ ಮರವನ್ನು ಯಾವ ಬೆಂಕಿಯಲ್ಲಿ ಸುಟ್ಟರೂ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲಾ ವಾಸನೆಯ ವೆನಿಲಿನ್ ಬರುತ್ತದೆ, ಗ್ವಾಯಕಾಲ್ ಕೂಡ ಬರುತ್ತದೆ. ಹಾಗಾಗಿ ಈ ಗ್ಲಾಸಿನಲ್ಲಿ ಸಿಕ್ಕ ಹೊಗೆಯಲ್ಲಿ ಪೀಟ್‌ನದ್ದೆಷ್ಟು, ಸುಟ್ಟ ಓಕ್‌ನದ್ದೆಷ್ಟು ಅಂತ ನಾಲಿಗೆಯಿಂದ ಬೇರ್ಪಡಿಸೋಕೆ ಆಗುವುದಿಲ್ಲ. ನನಗಂತೂ ಆಗಲಿಲ್ಲ. ಅಮೃತ್‌ನಲ್ಲಿರುವ ಒದ್ದೆಮಣ್ಣಿನ, ಔಷಧಿಯಂಥ ಪೀಟ್ ಗುಣ ಇದರಲ್ಲಿ ಕಾಣಲಿಲ್ಲ. ಒಣ, ಮರದ ಹೊಗೆಯೇ ಜಾಸ್ತಿ.

ಖಾಲಿ ಗ್ಲಾಸನ್ನು ತೊಳೆಯದೆ ಇಟ್ಟು ಬೆಳಗ್ಗೆ ಮೂಸುವುದು ನನ್ನ ಹಳೆಯ ಚಟ. ಆಲ್ಕೋಹಾಲ್ ಆರಿಹೋಗಿ, ಭಾರವಾದ ವಾಸನೆಗಳಷ್ಟೇ ತಳದಲ್ಲಿ ಉಳಿದಿರುತ್ತವೆ. ರಾತ್ರಿ ಇಷ್ಟು ಹುಡುಕಿಸಿದ್ದ ಹೊಗೆ ಬೆಳಗ್ಗೆ ತಾನಾಗಿಯೇ ಸಿಕ್ಕಿತು. ಮನೆಯವಳಿಗೆ ಕೊಟ್ಟೆ. ಅವಳು ಕುಡಿಯುವುದಿಲ್ಲ. “ಒಲೆ ಆರಿಸಿದ ವಾಸನೆ, ಬೆಲ್ಲದ್ದೂ ಇದೆ” ಅಂದಳು. ರಾತ್ರಿಯೆಲ್ಲ ನಾವು ಮಾಡಿದ ವರ್ಣನೆಗಿಂತ ಅದೇ ವಾಸಿ.

ನೆಂಚಿಕೊಳ್ಳಲು ಗೆಳೆಯ ಖಾರದ ಕಡ್ಲೆಬೀಜ ತಂದಿದ್ದ. ಅವನ್ನು ಮೂರೂ ಗ್ಲಾಸು ಮುಗಿಯುವ ತನಕ ಎತ್ತಿಟ್ಟೆ, ಅವನಿಗೆ ಕೋಪ ಬಂತು. ಮೆಣಸಿನಪುಡಿ ಮುಟ್ಟಿದ ನಾಲಿಗೆಗೆ ಈ ಹಗುರ ಹೊಗೆ ಎಟುಕುವುದಿಲ್ಲ. ಆಮೇಲೆ ಎರಡನೇ ಸುತ್ತಿಗೆ ಗಬೀನ್ ಸ್ಮೋಕ್ಡ್ ಚೀಸ್ ಕೊಯ್ದೆ. ಇದೇ ವೆಸ್ಟ್ ಕಾರ್ಕಿನ ಸ್ಕಲ್ ಎಂಬ ಊರಿನ ಹತ್ತಿರದ ಫಾರ್ಮಿನದ್ದು. ಚೀಸಿನ ಉಪ್ಪು, ಕೊಬ್ಬು ವಿಸ್ಕಿಯ ಕಹಿಯನ್ನು ಎಳೆದುಕೊಂಡವು, ಹೊಗೆಗೆ ಹೊಗೆ ಸೇರಿತು. ಹಣ್ಣೂ ಮತ್ತೆ ಮುಂದೆ ಬಂತು. ಈ ಜೋಡಿಯನ್ನು ಧೈರ್ಯವಾಗಿ ಹೇಳಬಲ್ಲೆ.

ಇದೇ ಸರಣಿಯಲ್ಲಿ ಬಾಗ್ ಓಕ್ ಚಾರ್ಡ್ ಅಂತ ಇನ್ನೊಂದಿದೆ. ಜೌಗಿನಲ್ಲಿ ಸಾವಿರಾರು ವರ್ಷ ಹೂತು ಕಪ್ಪಾದ ಓಕ್ ಮರದ ಬೆಂಕಿಯಲ್ಲಿ ಪೀಪಾಯಿ ಸುಡುತ್ತಾರೆ. ಪೀಟ್ ಎಷ್ಟು, ಮರ ಎಷ್ಟು ಅನ್ನುವ ನನ್ನ ತಕರಾರಿಗೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಕುಡಿದರೆ ಸ್ವಲ್ಪವಾದರೂ ಉತ್ತರ ಸಿಗಬಹುದು. ಗೆಳೆಯ ಬರುತ್ತೇನೆ ಅಂದಿದ್ದಾನೆ. ಕಡ್ಲೆಬೀಜಕ್ಕೆ ಪರ್ಮಿಶನ್ ಇದ್ದರೆ ಮಾತ್ರ ಅಂತೆ.